ಕೆನೆ ತೆಗೆಯುವ ಅರ್ಜೆಂಟಣ್ಣ

ಬಂದರಿನ ಬೀದಿಯಲ್ಲಿ ಹಾಲಿನವನಿಂದ ಹಿಡಿದು ಹಡಗಿಗೆ ಬಣ್ಣ ಬಳಿಯುವವರ ತನಕ ಎಲ್ಲರೂ ಅವನನ್ನು ಅರ್ಜೆಂಟಣ್ಣ ಎಂದೇ ಕರೆಯುತ್ತಿದ್ದರು. ಕುಂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಂಡು, ಸುಟ್ಟ ನಾಲಿಗೆ ಆರಲಿ ಎಂದೂ ಕಾಯದೆ ಇನ್ನೊಂದು ಗುಟುಕು ಹೀರುವ ಪೈಕಿ. ಬಸ್ಸು ನಿಲ್ಲುವ ಮೊದಲೇ ಇಳಿದು, ಇಳಿದದ್ದು ತನ್ನ ಸ್ಟಾಪಿನಲ್ಲಲ್ಲ ಎಂದು ಗೊತ್ತಾಗಿ ಅದೇ ಬಸ್ಸಿನ ಹಿಂದೆ ಓಡಿದ್ದನ್ನು ಕಂಡವರಿದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಊರಿಗೆ ಒಬ್ಬರಾದರೂ ಇರುತ್ತಾರೆ. ಇವನಾದರೆ ಹಗ್ಗ ಹಿಡಿದುಕೊಂಡೇ ಓಡಾಡುತ್ತಿದ್ದ.

ಈ ಗುಣದಿಂದ ಅವನು ಕಳೆದುಕೊಂಡ ಕೆಲಸಗಳು ಒಂದೆರಡಲ್ಲ. ಬೇಕರಿಯಲ್ಲಿ ಬ್ರೆಡ್ಡು ಬೇಯುವ ಮುನ್ನವೇ ಒಲೆಯ ಬಾಗಿಲು ತೆಗೆದ. ಕಂಡಕ್ಟರನಾಗಿದ್ದಾಗ ಮುದುಕರು ಇಳಿಯುತ್ತಿರುವಾಗಲೇ ಸೀಟಿ ಊದಿದ. ಆಮೇಲೆ ವಿಧಿಗೆ ತಮಾಷೆ ಮಾಡಬೇಕು ಅನಿಸಿತೋ ಏನೋ, ಇಂಥವನಿಗೆ ಜಗತ್ತಿನಲ್ಲೇ ಅತಿ ನಿಧಾನದ ಕೆಲಸವೊಂದು ಸಿಕ್ಕಿತು. ಸಮುದ್ರದ ಕೆನೆ ತೆಗೆಯುವ ಕೆಲಸ.

ಹಾಲಿಗೆ ಕೆನೆ ಕಟ್ಟುವ ಹಾಗೆ ಸಮುದ್ರಕ್ಕೂ ಕಟ್ಟುತ್ತದೆ. ದಡದಲ್ಲಿ ನಿಂತು ಎಷ್ಟು ನೋಡಿದರೂ ಕಾಣದು, ಏಕೆಂದರೆ ಅದರ ದಪ್ಪ ಒಂದು ಕೂದಲೆಳೆಯ ಆಸುಪಾಸು. ಸತ್ತ ಪಾಚಿಯ ಕೊಬ್ಬು, ಅದು ಬದುಕಿದ್ದಾಗ ಉಗುಳಿದ ಸಕ್ಕರೆಯ ಜಾತಿಯ ಅಂಟು, ಪ್ರೋಟೀನಿನ ಚೂರು, ಇವೆಲ್ಲ ಗಾಳಿಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬಂದು ಅಲ್ಲಿ ಹರಡಿಕೊಳ್ಳುತ್ತವೆ. ಮೇಲಿನಿಂದ ಧೂಳು, ಹೊಗೆಯ ಮಸಿ, ಪ್ಲಾಸ್ಟಿಕ್ಕಿನ ಪುಡಿ ಬಂದು ಕೂರುತ್ತದೆ. ಆ ಅಂಟಿನಲ್ಲಿ ಬ್ಯಾಕ್ಟೀರಿಯಾಗಳು ಸಂಸಾರ ಹೂಡುತ್ತವೆ. ಕೆಲವು ಮೀನುಗಳ ಮೊಟ್ಟೆ ಅಲ್ಲೇ ತೇಲುತ್ತ ಮರಿಯಾಗುತ್ತವೆ. ಬಿಸಿಲಿನ ಮೊದಲ ಪೆಟ್ಟು ತಿನ್ನುವುದೂ ಅದೇ. ಸಮುದ್ರ ಉಸಿರಾಡುವುದೂ ಅದರ ಮೂಲಕವೇ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ನೀರಿಗೆ ಇಳಿಯಲಿ, ನೀರಿನದು ಗಾಳಿಗೆ ಏರಲಿ, ಆ ಬಾಗಿಲು ದಾಟಿಯೇ ಆಗಬೇಕು. ಕೆನೆ ದಟ್ಟವಾದ ಕಡೆ ಸಣ್ಣ ಅಲೆಗಳು ಅಡಗಿ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣುಪಾದ ಪಟ್ಟೆಗಳು ಕಾಣುತ್ತವೆ. ಅಲ್ಲಿ ಉಸಿರಾಟ ನಿಧಾನ. ಇಷ್ಟನ್ನೂ ಮೊದಲ ದಿನ ಕೇಳಿಸಿಕೊಂಡ ಅರ್ಜೆಂಟಣ್ಣ, ಅಷ್ಟು ತೆಳ್ಳಗಿನ ವಸ್ತುವಿಗೆ ಪೂರ್ತಿ ಸಂಬಳ ಕೊಡುತ್ತೀರಾ ಎಂದು ಮಾತ್ರ ವಿಚಾರಿಸಿದ್ದ.

ಹೇಳಿದಾಕೆ ಸಮುದ್ರದ ಡಾಕ್ಟರಮ್ಮ. ಜ್ವರ ನೋಡುವ ಡಾಕ್ಟರಲ್ಲ, ನೀರು ನೋಡುವ ಡಾಕ್ಟರು. ಮೀನಿನ ಹಳೆಯ ಮಂಜುಗಡ್ಡೆ ಗೋದಾಮಿನ ಮಹಡಿಯಲ್ಲಿ ಅವರ ಪ್ರಯೋಗಶಾಲೆ. ಬೋರ್ಡು ನೋಡಿ ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದವರಿಗೆ ಅವರು ಬಿಸಿನೀರು ಕುಡಿಯಲು ಹೇಳಿ ಕಳಿಸುತ್ತಿದ್ದರು. ಕೆನೆ ತೆಗೆಯುವ ವಿಧಾನ ಕೇಳಲು ಸುಲಭ. ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿಟ್ಟು ಎಂಜಿನ್ ನಿಲ್ಲಿಸಬೇಕು, ಇಲ್ಲದಿದ್ದರೆ ದೋಣಿಯದೇ ಡೀಸೆಲ್ಲು ಕೆನೆಯಲ್ಲಿ ಸೇರುತ್ತದೆ. ಆವತ್ತು ತಲೆಗೆ ಎಣ್ಣೆ, ಮೈಗೆ ಕ್ರೀಮು, ಕೈಯಲ್ಲಿ ಕರಿದ ತಿಂಡಿ ಯಾವುದೂ ಇರಕೂಡದು. ಸ್ಪಿರಿಟ್ಟಿನಲ್ಲಿ ತೊಳೆದ ಗಾಜಿನ ಹಲಗೆಯನ್ನು ನೆಟ್ಟಗೆ ನೀರಿಗೆ ಇಳಿಸಿ, ಮೇಲಕ್ಕೆ ಎಳೆಯಬೇಕು. ಕೆನೆ ಗಾಜಿಗೆ ಅಂಟಿಕೊಂಡು ಬರುತ್ತದೆ. ಹನಿ ನಿಂತ ಮೇಲೆ ರಬ್ಬರಿನ ಪಟ್ಟಿಯಿಂದ ಎರಡೂ ಬದಿ ಒರೆಸಿ ಬಾಟಲಿಗೆ ಇಳಿಸಬೇಕು. ಮತ್ತೆ ಇಳಿಸಬೇಕು, ಮತ್ತೆ ಎಳೆಯಬೇಕು.

ಕಷ್ಟವಿರುವುದು ಎಳೆಯುವುದರಲ್ಲಿ. ಬೇಗ ಎಳೆದರೆ ಗಾಜಿಗೆ ದಪ್ಪ ಪದರ ಅಂಟುತ್ತದೆ. ಕೆನೆಯ ಜೊತೆ ಕೆಳಗಿನ ಬರೀ ನೀರೂ ಬಂದು ಮಾದರಿ ಕೆಡುತ್ತದೆ. ಒಂದೇ ಸಮನೆ, ನಿಧಾನವಾಗಿ ಎಳೆಯಬೇಕು. ಮನಸ್ಸಿನಲ್ಲಿ ಐದು ಎಣಿಸಿಕೊಂಡು ಎಳೆಯಿರಿ ಅಣ್ಣ ಎಂದರು ಡಾಕ್ಟರಮ್ಮ. ಅರ್ಜೆಂಟಣ್ಣನ ಐದು ಬೇರೆಯವರ ಎರಡಕ್ಕೇ ಮುಗಿಯುತ್ತಿತ್ತು. ಹತ್ತು ಎಣಿಸಲು ಹೇಳಿದರು. ಅವನು ಹತ್ತನ್ನೂ ಅಷ್ಟರಲ್ಲೇ ಎಣಿಸಿದ. ಮೊದಲ ವಾರದ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದರು.

ಅವನನ್ನು ಉಳಿಸಿದ್ದು ಹೆಂಡತಿ. ಆಕೆ ಟೇಲರು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಹೊಲಿಗೆ ಮಿಷನ್ನು, ಗೋಡೆ ತುಂಬ ಬೇರೆಯವರ ಅಂಗಿ, ನೆಲದ ತುಂಬ ದಾರದ ತುಂಡು. ಗಂಡ ಸಪ್ಪೆ ಮುಖ ಮಾಡಿಕೊಂಡು ಬಂದ ದಿನ ಆಕೆ ಒಂದು ರೇಷ್ಮೆ ರವಿಕೆಯ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದಳು. ಎಳೆಯನ್ನು ಜಗ್ಗಿದರೆ ಬಟ್ಟೆ ಸುಕ್ಕಾಗುತ್ತದೆ, ಅದು ಬರುವಷ್ಟೇ ಎಳೆಯಬೇಕು ಎಂದು ಅವನ ಬೆರಳಿಗೆ ದಾರದ ತುದಿ ಕೊಟ್ಟಳು. ಮೂರು ರವಿಕೆ ಸುಕ್ಕಾದ ಮೇಲೆ ನಾಲ್ಕನೆಯದರಲ್ಲಿ ಅವನ ಕೈಗೆ ಅದು ತಿಳಿಯಿತು. ತಲೆಗೆ ಎಂದೂ ತಿಳಿಯಲಿಲ್ಲ. ನೀರಿನಿಂದ ಗಾಜು ಎಳೆಯುವಷ್ಟು ಹೊತ್ತು ಮಾತ್ರ ಅವನು ನಿಧಾನಿ. ಗಾಜು ಕೆಳಗಿಟ್ಟ ಕೂಡಲೇ ಮತ್ತೆ ಮೈಮೇಲೆ ಇರುವೆ ಬಿಟ್ಟವನಂತೆ.

ಕೈಯೂ ಪೂರ್ತಿ ಸುಧಾರಿಸಿರಲಿಲ್ಲ. ಮನೆಯಲ್ಲಿ ಜಗಳವಾದ ದಿನ ಬಾಟಲಿ ಬೇಗ ತುಂಬುತ್ತಿತ್ತು. ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು, ಇವತ್ತು ಕೆನೆ ದಪ್ಪಗಿದೆ, ಮನೆಯಲ್ಲಿ ಏನಾಯಿತಣ್ಣ ಎಂದು ಕೇಳುತ್ತಿದ್ದರು. ಅವನು ಸಮುದ್ರದ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದ.

ನಿಜ ಹೇಳಬೇಕೆಂದರೆ ಜಗಳವೂ ಆ ಮನೆಯಲ್ಲಿ ನೆಟ್ಟಗೆ ಆಗುತ್ತಿರಲಿಲ್ಲ. ಜಗಳವಾಡಲು ಇಬ್ಬರು ಬೇಕು, ಅವನು ಎರಡನೆಯ ಮಾತಿಗೇ ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಿದ್ದ. ಮಾತು ಸ್ವಲ್ಪ ಆಳಕ್ಕೆ ಇಳಿಯಿತೋ, ಅವನಿಗೆ ಅಂಗಡಿಯಲ್ಲಿ ಏನೋ ನೆನಪಾಗುತ್ತಿತ್ತು. ಮಾವ ತೀರಿಕೊಂಡ ದಿನವೂ ಹಾಗೆಯೇ. ಹೆಂಡತಿಯ ತಂದೆ ಕೊನೆಯ ಕೆಲವು ತಿಂಗಳು ಇವರ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. ಇನ್ನು ಆಸ್ಪತ್ರೆ ಬೇಡ, ಹತ್ತಿರ ಇರಿ ಅಷ್ಟೇ ಎಂದು ವೈದ್ಯರು ಹೇಳಿಯಾಗಿತ್ತು. ಒಂದು ಮಧ್ಯಾಹ್ನ ಅವರ ಉಸಿರು ಬದಲಾಯಿತು. ಒಂದು ಕೈಯನ್ನು ಮಗಳು ಹಿಡಿದುಕೊಂಡಳು, ಇನ್ನೊಂದನ್ನು ಅಳಿಯನಿಗೆ ಹಿಡಿಯಲು ಕೊಟ್ಟಳು. ಅವನು ಸ್ವಲ್ಪ ಹೊತ್ತು ಹಿಡಿದ. ಆಮೇಲೆ ಗಾಡಿ ತರುತ್ತೇನೆ ಎಂದು ಎದ್ದು ಓಡಿದ. ಆ ಸುಡುಬಿಸಿಲಿನಲ್ಲಿ, ಯಾರೂ ಬಾರದ ಹೊತ್ತಿನಲ್ಲಿ ಗಾಡಿ ಹಿಡಿದು ತಂದದ್ದನ್ನು ಅವನು ಇವತ್ತಿಗೂ ಸಾಹಸವೆಂದೇ ಹೇಳುತ್ತಾನೆ. ಬರುವಷ್ಟರಲ್ಲಿ ಮುಗಿದಿತ್ತು. ಹೆಂಡತಿ ಆ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ, ಅವನೂ ಕೇಳಲಿಲ್ಲ. ಅದಾಗಿ ಎಷ್ಟೋ ವರ್ಷವಾಯಿತು.

ಈಗ ಅವನ ಕಣ್ಣಿನ ಕಥೆಗೆ ಬರೋಣ. ಅವನ ಎಡಗಣ್ಣು ಚಿಕ್ಕಂದಿನಿಂದ ಸೋಮಾರಿ ಕಣ್ಣು. ಆ ಮೈಯಲ್ಲಿ ಸೋಮಾರಿಯಾಗಿದ್ದ ಅಂಗ ಅದೊಂದೇ. ಅದರಲ್ಲಿ ಆಕಾರಗಳು ಮಸುಕಾಗಿ ಕಾಣುತ್ತಿದ್ದವು ಅಷ್ಟೇ. ದುಡಿಯುತ್ತಿದ್ದುದೆಲ್ಲ ಬಲಗಣ್ಣು. ಒಂದು ಬೆಳಿಗ್ಗೆ ಗಾಜನ್ನು ಆಕಾಶಕ್ಕೆ ಹಿಡಿದು ನೋಡಿದರೆ ಅದರ ಮೇಲೆ ಕಪ್ಪು ಚುಕ್ಕೆಗಳು. ಹಡಗಿನ ಮಸಿ ಎಂದುಕೊಂಡು ಸ್ಪಿರಿಟ್ಟು ಹಾಕಿ ತೊಳೆದ. ಹೋಗಲಿಲ್ಲ. ಮರುದಿನ ಚುಕ್ಕೆಗಳು ಜಾಸ್ತಿಯಾದವು, ಸಾಲದ್ದಕ್ಕೆ ತೇಲಾಡತೊಡಗಿದವು. ಗಾಜು ಬದಲಾಯಿಸಿದ. ಹೊಸ ಗಾಜಿನಲ್ಲೂ ಅವೇ. ಸ್ಪಿರಿಟ್ಟು ಕಲಬೆರಕೆ ಎಂದು ಅಂಗಡಿಯವನ ಮೇಲೆ ಹರಿಹಾಯ್ದ. ಗಾಜಿನ ಅಂಚಿನಲ್ಲಿ ಮಿಂಚಿನಂಥ ಬೆಳಕು ಕಂಡಾಗ, ಬಿಸಿಲು ಗಾಜಿಗೆ ಬಡಿದು ಹಾಗಾಗಿದೆ ಎಂದು ತಲೆಗೆ ಟೋಪಿ ಹಾಕಿಕೊಂಡ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ಇವನಿಗೆ ಗಾಜೇ ಕೊಳಕು. ಚೆನ್ನಾಗಿದ್ದ ಕೆನೆಯನ್ನೆಲ್ಲ ಕೆಟ್ಟಿತೆಂದು ಚೆಲ್ಲುತ್ತ, ಗಾಜು ತೊಳೆಯುತ್ತ ಅಮೂಲ್ಯ ದಿನಗಳನ್ನು ಕಳೆದ.

ಕೊನೆಗೆ ಡಾಕ್ಟರಮ್ಮನೇ ಆ ಗಾಜನ್ನು ಕಿಟಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಏನೂ ಇರಲಿಲ್ಲ.

"ಅಣ್ಣ, ಗಾಜು ಬಿಡಿ. ಆ ಬಿಳಿ ಗೋಡೆ ನೋಡಿ. ಅಲ್ಲೂ ಚುಕ್ಕೆ ಇದ್ಯಾ?"

ಗೋಡೆಯ ಮೇಲೂ ಚುಕ್ಕೆಗಳಿದ್ದವು. ಗೋಡೆಯ ಬಲಮೂಲೆ ಇರಲೇ ಇಲ್ಲ. ಅಲ್ಲೊಂದು ಬೂದು ಪರದೆ ಇಳಿಬಿದ್ದಿತ್ತು.

ಕಣ್ಣಿನ ಡಾಕ್ಟರು ಅವತ್ತೇ ಸೇರಿಸಿಕೊಂಡರು. ಬಲಗಣ್ಣಿನ ಹಿಂಗೋಡೆಗೆ ಅಂಟಿಕೊಂಡಿರಬೇಕಾದ ರೆಟಿನಾ ಎಂಬ ಪೊರೆ, ತೇವಕ್ಕೆ ಗೋಡೆಯ ಕಾಗದ ಬಿಟ್ಟುಕೊಂಡ ಹಾಗೆ ಬಿಟ್ಟುಕೊಂಡಿತ್ತು. ಆಪರೇಷನ್ ಮಾಡಿ, ಅದನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಅನಿಲದ ಒಂದು ಗುಳ್ಳೆ ತುಂಬಿದರು. ಆಮೇಲೆ ಗಂಡಹೆಂಡಿರನ್ನು ಕೂರಿಸಿಕೊಂಡು ವಿಷಯ ಹೇಳಿದರು. ಗುಳ್ಳೆಗೆ ಮೇಲಕ್ಕೆ ಹೋಗುವುದೊಂದೇ ಗೊತ್ತು. ರೋಗಿ ಕವುಚಿ ಮಲಗಿದರೆ ಅದು ಹಿಂಗೋಡೆಗೆ ಒತ್ತಿ ರೆಟಿನಾವನ್ನು ಅಂಟಿಸುತ್ತದೆ. ತಲೆ ಎತ್ತಿದರೆ ಜಾಗ ಬಿಡುತ್ತದೆ. ಆದ್ದರಿಂದ ಒಂದು ವಾರ ಹಗಲೂ ರಾತ್ರಿ ಮುಖ ಕೆಳಗೆ. ಊಟಕ್ಕೆ, ಬಚ್ಚಲಿಗೆ ಎಂದು ಗಂಟೆಗೆ ಹತ್ತು ನಿಮಿಷ ಏಳಬಹುದು. ಅಷ್ಟು ಮಾಡಿದರೆ ಕಣ್ಣು ಉಳಿಯುತ್ತದಾ ಎಂದು ಹೆಂಡತಿ ಕೇಳಿದ್ದಕ್ಕೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಮಾಡದಿದ್ದರೆ ಎಂಬುದಕ್ಕೆ ಮಾತ್ರ ಸ್ಪಷ್ಟ ಉತ್ತರವಿತ್ತು. ಆ ಕಣ್ಣು ಹೋಗುತ್ತದೆ.

ಹೆಂಡತಿ ಗಂಡನನ್ನು ನೋಡಿದಳು. ಇಡೀ ಬಂದರಿನಲ್ಲಿ ಈ ಔಷಧಿ ಕೆಲಸ ಮಾಡದ ಒಬ್ಬನೇ ಮನುಷ್ಯನಿಗೆ ಇದನ್ನು ಬರೆದುಕೊಟ್ಟಿದ್ದಾರೆ ಎಂದು ಆಕೆಗೆ ಅನಿಸಿತು. ಮಿಷನ್ನಿನ ಪಕ್ಕಕ್ಕೆ ಮಂಚ ಎಳೆದು, ಹಣೆಗೆ ಆಸರೆಯಾಗಿ ಬಟ್ಟೆಯ ಎರಡು ಸುರುಳಿ ಹೊಲಿದು, ನಡುವೆ ಮುಖಕ್ಕೆ ಜಾಗ ಬಿಟ್ಟು ಮಂಚದ ಅಂಚಿಗೆ ಕಟ್ಟಿದಳು. ಅವನ ಲೋಕ ಈಗ ಒಂದು ಚೌಕ ನೆಲ.

ಮೊದಲ ದಿನ ಹೇಗೋ ಕಳೆಯಿತು. ಎರಡನೆಯ ದಿನ ಅವನ ಕಾಲು ಮಂಚದ ತುದಿಯಲ್ಲಿ ತಾನಾಗಿ ಕುಣಿಯತೊಡಗಿತು. ಬೆರಳುಗಳು ಹಾಸಿಗೆಯ ಅಂಚನ್ನು ಎಳೆಎಳೆಯಾಗಿ ಕಿತ್ತವು. ಯಾರು ಬಂದರು, ಗಂಟೆ ಎಷ್ಟಾಯಿತು, ಎದುರು ಮನೆಯವರು ಏನು ಜಗಳವಾಡುತ್ತಿದ್ದಾರೆ ಎಂದು ನೆಲಕ್ಕೆ ಮುಖಮಾಡಿ ಕೇಳುತ್ತಲೇ ಇದ್ದ. ಕತ್ತು ಸೆಟೆದುಕೊಂಡಿತು, ಮೂಗು ಕಟ್ಟಿತು. ಮೂರನೆಯ ದಿನ ಹೆಂಡತಿ ಅಂಗಿ ಕೊಡಲು ಪಕ್ಕದ ಬೀದಿಗೆ ಹೋದಾಗ ಬಚ್ಚಲಿನ ನಲ್ಲಿ ತೊಟ್ಟಿಕ್ಕತೊಡಗಿತು. ಅವನು ಸಹಿಸಿದ, ಹಲ್ಲು ಕಚ್ಚಿದ, ಆಮೇಲೆ ತನ್ನ ಹತ್ತು ನಿಮಿಷ ಬರುವ ಮೊದಲೇ ಎದ್ದೇಬಿಟ್ಟ. ಆಕೆ ಬಂದಾಗ ಬಚ್ಚಲಲ್ಲಿ ತಲೆ ಎತ್ತಿ ನಿಂತು ನಲ್ಲಿಗೆ ದಾರ ಸುತ್ತುತ್ತಿದ್ದ.

ಆಕೆ ಕೂಗಾಡಲಿಲ್ಲ. ಬಾಗಿಲಿಗೆ ಒರಗಿ ನಿಂತು, "ನಲ್ಲಿ ಸರಿಹೋಯ್ತಾ?" ಎಂದಷ್ಟೇ ಕೇಳಿದಳು. ಆ ದನಿ ಕೇಳಿ ಅವನು ಕೈಯಲ್ಲಿದ್ದ ದಾರ ಬಿಟ್ಟು, ಬಂದು ಕವುಚಿಕೊಂಡ. ಆಕೆ ಫೋನು ಮಾಡಿದಾಗ ಕಣ್ಣಿನ ಡಾಕ್ಟರು, ಇನ್ನೊಮ್ಮೆ ಹೀಗಾದರೆ ನನ್ನನ್ನು ಕೇಳಬೇಡಿ ಎಂದರು. ಅವನಿಗೆ ಮೊದಲ ಬಾರಿ ನಿಜವಾದ ಭಯವಾಯಿತು. ಕತ್ತಲೆಯ ಭಯಕ್ಕಿಂತ ತನ್ನ ಮೈಯದೇ ಭಯ ದೊಡ್ಡದಾಗಿತ್ತು. ಇದು ಯಾವ ಗಳಿಗೆಯಲ್ಲಿ ತನ್ನನ್ನು ಕೇಳದೆ ಎದ್ದು ನಿಲ್ಲುತ್ತದೋ ಅವನಿಗೇ ಗೊತ್ತಿರಲಿಲ್ಲ.

ಹೆಂಡತಿ ಪ್ರಯೋಗಶಾಲೆಗೆ ಹೋಗಿ ಡಾಕ್ಟರಮ್ಮನ ಎದುರು ಕೂತು, ಇವನನ್ನು ಕವುಚಿ ಮಲಗಿಸಿಡಲು ಏನಾದರೂ ಉಪಾಯ ಹೇಳಿ ಎಂದಳು. ಮರುದಿನ ಡಾಕ್ಟರಮ್ಮ ಮುಚ್ಚಳದ ಬಕೆಟ್ಟಿನಲ್ಲಿ ಸಮುದ್ರದ ನೀರು ತಂದರು. ಅದನ್ನು ಅಗಲವಾದ ಬಿಳಿ ತಟ್ಟೆಗೆ ಸುರಿದು ಸರಿಯಾಗಿ ಅವನ ಮುಖದ ಕೆಳಗೆ, ನೆಲದ ಮೇಲೆ ಇಟ್ಟರು. ಬಲಗಣ್ಣಿಗೆ ಪಟ್ಟಿ, ಎಡಗಣ್ಣಿಗೆ ಬಿಳಿಯ ಮೇಲೊಂದು ಹೊಳಪು ಮಾತ್ರ ಕಂಡಿತು. ಏನೂ ಕಾಣುತ್ತಿಲ್ಲ ಎಂದು ಅವನು ಗೊಣಗಿದ. ಹೆಂಡತಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ಕತ್ತರಿಯಿಂದ ಹೆರೆದು ನೀರಿನ ಮೇಲೆ ಉದುರಿಸಿದಳು. ನೀಲಿ ಪುಡಿ ಮುಳುಗದೆ ಮೇಲೆಯೇ ಹರಡಿ ನಿಂತಿತು. ಈಗ ಕಂಡಿತು.

ಇಷ್ಟು ವರ್ಷ ಅವನು ಕೆನೆಯನ್ನು ತೆಗೆದಿದ್ದನೇ ಹೊರತು ನೋಡಿರಲಿಲ್ಲ. ತನ್ನ ಉಸಿರು ತಾಗಿದರೆ ನೀಲಿ ಪದರ ಜರುಗುತ್ತಿತ್ತು. ಉಸಿರು ತಡೆದರೆ ನಿಲ್ಲುತ್ತಿತ್ತು. ಹೆಂಡತಿ ಬೆರಳಿನಿಂದ ಗೆರೆ ಎಳೆದರೆ ಸೀಳಿ, ನೋಡನೋಡುತ್ತಿದ್ದಂತೆ ಮತ್ತೆ ಕೂಡಿಕೊಳ್ಳುತ್ತಿತ್ತು. ಸಮುದ್ರದಲ್ಲೂ ಹೀಗೇ, ಅಲೆ ಒಡೆದರೂ ಕ್ಷಣದಲ್ಲಿ ಕೆನೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಹೇಳಿ ಡಾಕ್ಟರಮ್ಮ ಹೊರಟರು. ಅವರು ಹೋದ ಮೇಲೆ ಹೆಂಡತಿ ಸೂಜಿಯ ತುದಿಯಿಂದ ಮಿಷನ್ನಿನ ಎಣ್ಣೆ ಒಂದು ಹನಿ ಮುಟ್ಟಿಸಿದಳು. ನೀಲಿ ಪುಡಿಯೆಲ್ಲ ಹಾವು ಕಂಡವರಂತೆ ತಟ್ಟೆಯ ಅಂಚಿಗೆ ಓಡಿತು. ಆಕೆ ನಕ್ಕಳು.

"ನೋಡಿ, ನಿಮ್ಮ ಹಾಗೇ. ಏನಾದ್ರೂ ಮುಟ್ಟಿದ್ರೆ ಸಾಕು, ಓಡಿಹೋಗುತ್ತೆ."

ಅವನೂ ಸುರುಳಿಯೊಳಗೆ ನಕ್ಕ. ಆಕೆ ಮಂಚದ ಪಕ್ಕ ನೆಲದಲ್ಲೇ ಕೂತಿದ್ದಳು. ಅವನಿಗೆ ತಟ್ಟೆಯ ಆಚೆ ಆಕೆಯ ಕಾಲ್ಬೆರಳುಗಳ ಮಸುಕು ಕಾಣುತ್ತಿತ್ತು. ಮಿಷನ್ನು ನಿಂತಿತ್ತು. ಇಂಥ ಹೊತ್ತಿನಲ್ಲೇ ಅವನಿಗೆ ಯಾವಾಗಲೂ ಅಂಗಡಿ ನೆನಪಾಗುತ್ತಿದ್ದದ್ದು.

"ಅಪ್ಪ ಹೋದ ದಿನ ನೀವು ಗಾಡಿ ತರ್ತೀನಿ ಅಂತ ಹೋದ್ರಲ್ಲ," ಎಂದಳು ಆಕೆ.

ಅವನ ಕಾಲು ಕುಣಿಯತೊಡಗಿತು. ಎಂಥ ಬಿಸಿಲಿನಲ್ಲಿ ಓಡಿದೆ, ಎಷ್ಟು ಬೇಗ ತಂದೆ ಎಂಬುದು ನಾಲಿಗೆಯ ತುದಿಗೆ ಬಂತು. ಆಕೆ ಅವಕಾಶ ಕೊಡಲಿಲ್ಲ.

"ನೀವು ಬಿಟ್ಟುಹೋದ ಕೈ ಹಾಸಿಗೆ ಮೇಲೆ ತಡಕಾಡ್ತಾ ಇತ್ತು. ಅಳಿಯ ಎಲ್ಲಿ ಅಂದ್ರು. ಅದನ್ನೂ ನಾನೇ ಹಿಡ್ಕೊಂಡೆ. ಆಮೇಲೆ ನೀರು ಕೇಳಿದ್ರು. ಚೊಂಬು ಅಲ್ಲೇ ಇತ್ತು. ನನ್ನ ಎರಡೂ ಕೈ ಅವರ ಹತ್ರ ಇತ್ತು. ಬಿಡೋಕೆ ಭಯ ಆಯ್ತು. ಬಿಡ್ಲಿಲ್ಲ. ನೀರು ಕೊಡ್ಲಿಲ್ಲ."

ತಟ್ಟೆಯ ಅಂಚಿನಲ್ಲಿ ನೀಲಿ ಪುಡಿ ಸಣ್ಣಗೆ ನಡುಗಿತು. ಅದು ತನ್ನ ಉಸಿರಿಗೆ ಎಂದು ಅವನಿಗೆ ಗೊತ್ತಾಯಿತು. ಅವನ ಇಡೀ ಮೈ ಏಳು ಏಳು ಎಂದು ಕೂಗುತ್ತಿತ್ತು. ತೊಡೆ ಬಿಗಿದಿತ್ತು, ಅಂಗೈ ಹಾಸಿಗೆಯನ್ನು ಒತ್ತಿತ್ತು. ಆಗಲೇ ಗಡಿಯಾರ ಗಂಟೆ ಹೊಡೆಯಿತು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, ಎಂದಿನ ದನಿಗೆ ಮರಳಿದಳು.

"ನಿಮ್ಮ ಹತ್ತು ನಿಮಿಷ ಬಂತು. ಎದ್ದೇಳಿ."

ಬಾಗಿಲು ತೆರೆದೇ ಇತ್ತು. ಏಳಲು ಡಾಕ್ಟರ ಅಪ್ಪಣೆಯೂ ಇತ್ತು. ಅವನು ರೇಷ್ಮೆಯ ಎಳೆಯನ್ನು ಹಿಡಿದವನ ಹಾಗೆ ಉಸಿರನ್ನು ಮೆಲ್ಲಗೆ ಎಳೆದುಕೊಂಡ.

"ಇರಲಿ," ಎಂದ. "ನೀನು ಹೇಳು."

ಆಕೆ ಹೇಳಿದಳು. ಅಪ್ಪನ ತುಟಿ ಒಣಗಿದ್ದನ್ನು, ಗಾಡಿಯ ಸದ್ದು ಕೇಳಿದಾಗ ತನಗೆ ಬಂದ ಸಿಟ್ಟನ್ನು, ಗಾಡಿಯವನಿಗೆ ವಾಪಸ್ ಹೋಗಲು ತಾನೇ ಹೇಳಬೇಕಾಗಿ ಬಂದದ್ದನ್ನು, ಇವತ್ತಿಗೂ ಯಾರಾದರೂ ನೀರು ಕೇಳಿದರೆ ಕೈ ಮೊದಲು ತಣ್ಣಗಾಗುವುದನ್ನು. ಹೇಳುತ್ತ ಅತ್ತಳು, ನಡುವೆ ಅವನನ್ನು ಚೆನ್ನಾಗಿ ಬೈದಳು. ಅವನು ಕವುಚಿಕೊಂಡೇ ಕೇಳಿದ. ಎಡಗಣ್ಣಿನಿಂದ ತಟ್ಟೆಗೆ ಹನಿ ಬಿದ್ದಾಗಲೆಲ್ಲ ಅಂಚಿನ ನೀಲಿ ಅಲುಗುತ್ತಿತ್ತು. ಮಧ್ಯದಲ್ಲಿ ಒಮ್ಮೆ ತಪ್ಪಾಯಿತು ಎಂದ. ಆಕೆ ಎದ್ದು ಹೋಗಲಿಲ್ಲ.

ವಾರ ಮುಗಿದ ಮೇಲೆ ಕಣ್ಣಿನ ಡಾಕ್ಟರು ಪಟ್ಟಿ ತೆಗೆದು, ಯಂತ್ರದ ಬೆಳಕು ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು. ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ಅಂಟಿಕೊಂಡಿದೆ ಎಂದರು ಕೊನೆಗೆ. ಮೊದಲಿನಷ್ಟು ಆಗದು, ನೆಟ್ಟಗಿನ ಗೆರೆ ಸ್ವಲ್ಪ ಡೊಂಕಾಗಿ ಕಂಡೀತು, ಆದರೆ ಕಣ್ಣು ಉಳಿಯಿತು. ಗುಳ್ಳೆ ಇನ್ನು ತಾನಾಗಿ ಕರಗುತ್ತದೆ. ಈಗ ಏನು ಕಾಣುತ್ತದೆ ಎಂದು ಕೇಳಿದರು.

ಅವನಿಗೆ ಕಣ್ಣಿನ ನಡುವೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತಿತ್ತು. ಗೆರೆಯ ಕೆಳಗೆ ಕಲಕಿದ ಕಪ್ಪು, ಮೇಲೆ ಬೆಳಕು. ಬೆಳಕಿನಲ್ಲಿ ಹೆಂಡತಿಯ ಮುಖ. ತಲೆ ಅಲುಗಿದರೆ ಗೆರೆ ದೋಣಿಯ ಅಂಚಿನ ನೀರಿನಂತೆ ಹೊಯ್ದಾಡುತ್ತಿತ್ತು. ಅಲುಗದಿದ್ದರೆ ಗಾಳಿ ಬಿದ್ದ ಹೊತ್ತಿನ ಸಮುದ್ರದ ಹಾಗೆ ಸಮನಾಗುತ್ತಿತ್ತು.

"ನೀರಿನ ಮಟ್ಟ ಕಾಣ್ತಿದೆ," ಎಂದ. "ಸುಮ್ಮನಿದ್ರೆ ನಿಲ್ಲುತ್ತೆ."

ಆಸ್ಪತ್ರೆಯ ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಹೆಂಡತಿಯ ಒಂದು ಕೈಯಲ್ಲಿ ಔಷಧಿಯ ಚೀಲ, ಇನ್ನೊಂದರಲ್ಲಿ ಅವನ ತೋಳು. ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಅವನನ್ನು ಕೂರಿಸಿ, ಗಾಡಿ ಎಲ್ಲಿ ಸಿಗುತ್ತದೋ ಎಂದು ರಸ್ತೆಯ ಎರಡೂ ತುದಿ ನೋಡಿದಳು. ನೀವಿಲ್ಲೇ ಇರಿ, ನಾನು ಹೋಗಿ ತರುತ್ತೇನೆ ಎಂದಳು.

"ಗಾಡಿ ಬರುತ್ತೆ ಬಿಡು," ಎಂದ ಅರ್ಜೆಂಟಣ್ಣ. "ಆ ಚೀಲ ಇಲ್ಲಿ ಕೊಡು. ಕೂತ್ಕೋ."

ಆಕೆ ಅವನ ಮುಖ ನೋಡಿದಳು. ಚೀಲ ಅವನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಅವನು ಚೀಲದಲ್ಲಿ ತಡಕಿ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಚೆಲ್ಲದ ಹಾಗೆ ಆಕೆಯ ಕೈಗೆ ಕೊಟ್ಟ. ಖಾಲಿ ಗಾಡಿಯೊಂದು ಅವರನ್ನು ನೋಡಿ ನಿಧಾನ ಮಾಡಿತು, ಯಾರೂ ಏಳದ್ದನ್ನು ಕಂಡು ಮುಂದೆ ಹೋಯಿತು. ಆಕೆ ನೀರು ಕುಡಿಯುತ್ತಿದ್ದಳು.